ಕೆಲಸದ ಭರವಸೆ ಇಲ್ಲದ ಕಾಲದಲ್ಲಿ ಫ್ಲ್ಯಾಟಾ, ಸೈಟಾ, ಭೋಗ್ಯವಾ, ಬಾಡಿಗೆಯಾ?

"ಆಫೀಸಲ್ಲಿ ಜನ ತೆಗೀತಿದ್ದಾರೆ. ನನ್ನ ಕೆಲಸ ಇನ್ನೂ ಇದೆ. ಕೈಯಲ್ಲಿ ಒಂದು 35 ಲಕ್ಷ ಇದೆ. ಈಗ ಫ್ಲ್ಯಾಟ್ ತಗೊಳ್ಳಲಾ, ಸೈಟ್ ಹಾಕಲಾ, ಇಲ್ಲ ಬಾಡಿಗೆಯಲ್ಲೇ ಇದ್ದು ದುಡ್ಡನ್ನು ಬೇರೆ ಕಡೆ ಹಾಕಲಾ?" ಬೆಂಗಳೂರಿನಲ್ಲಿ ದುಡಿಯುವವರು ನನ್ನನ್ನು ಈಗ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಮನೆಯಲ್ಲಿ ಹೆಂಡತಿ "ಈಗಲೇ ಚೌಕಾಸಿ ಮಾಡೋಕೆ ಆಗೋದು" ಅನ್ನುತ್ತಾರೆ. ಊರಿಂದ ಅಪ್ಪ ಫೋನ್ ಮಾಡಿ "ಈಗ ಸಾಲ ಮಾಡ್ಕೋಬೇಡಪ್ಪ" ಅನ್ನುತ್ತಾರೆ. ಇಬ್ಬರ ಮಾತೂ ಸರಿಯೇ. ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ಸರಿ ಆಗುವುದಿಲ್ಲ, ಅಷ್ಟೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆರ್ಥಿಕ ಹಿಂಜರಿತದಲ್ಲಿ ಬೆಲೆ ಬಿದ್ದಿದ್ದಕ್ಕೇ ಮುಳುಗಿದವರು ಕಡಿಮೆ. ಬೆಲೆ ಬಿದ್ದಿರುವಾಗ ಮಾರಲೇಬೇಕಾಗಿ ಬಂದು ಮುಳುಗಿದವರು ಜಾಸ್ತಿ. ಮನೆಗೂ ಅದೇ, ಷೇರಿಗೂ ಅದೇ. ಹಾಗಾಗಿ ಯಾವುದು ಎಷ್ಟು ಬೆಳೆಯುತ್ತದೆ ಅನ್ನುವ ಲೆಕ್ಕ ಆಮೇಲೆ. ಸಂಬಳ ನಿಂತರೂ ಯಾವುದನ್ನು ಮಾರದೆ ಇಟ್ಟುಕೊಳ್ಳಬಹುದು ಅನ್ನುವುದನ್ನು ಮೊದಲು ನೋಡೋಣ.

ಯಾವ ಅಳತೆಯಲ್ಲಿ ನೋಡುವುದು

ಒಂದನೆಯದು, ನಿಮ್ಮ ದಮ್ಮು. ಸಂಬಳ ಇಲ್ಲದೆ ಎಷ್ಟು ತಿಂಗಳು ಮನೆ ನಡೆಯುತ್ತದೆ? ಇಎಂಐ ಅಥವಾ ಬಾಡಿಗೆ, ಸ್ಕೂಲ್ ಫೀಸು, ದಿನಸಿ, ಅಪ್ಪ ಅಮ್ಮನ ಮಾತ್ರೆ, ಎಲ್ಲ ಸೇರಿಸಿ ಬರೆಯಿರಿ. ಆರೋಗ್ಯ ವಿಮೆಯನ್ನು ಬಹಳ ಜನ ಮರೆಯುತ್ತಾರೆ. ಕಂಪನಿ ಕೊಟ್ಟಿರುವ ಪಾಲಿಸಿ ಕೆಲಸದ ಜೊತೆಗೇ ಹೋಗುತ್ತದೆ, ಸ್ವಂತದ್ದೊಂದು ಬೇಕು. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಬಗೆಯ ಕೆಲಸದಲ್ಲಿದ್ದರೆ ಆರು ತಿಂಗಳ ಖರ್ಚು ಪಕ್ಕಕ್ಕಿಟ್ಟರೆ ನಡೆಯಬಹುದು. ಒಬ್ಬರದ್ದೇ ದುಡಿಮೆ ಅಂದರೆ ನಾನು ಒಂದು ವರ್ಷಕ್ಕಿಂತ ಕಡಿಮೆ ಒಪ್ಪುವುದಿಲ್ಲ. ಈ ದುಡ್ಡು ಡೌನ್ ಪೇಮೆಂಟ್ ಲೆಕ್ಕಕ್ಕೆ ಬರಬಾರದು.

ಎರಡನೆಯದು, ಬೇಕಾದಾಗ ಎಷ್ಟು ಬೇಗ ದುಡ್ಡಾಗುತ್ತದೆ, ಎಷ್ಟು ಕಡಿತ ಆಗಿ ಬರುತ್ತದೆ.

ಮೂರನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ: ಒಂದೇ ಏಟಿಗೆ ಎಲ್ಲವೂ ಬೀಳುತ್ತದಾ? ನಿಮ್ಮ ಕೆಲಸ ಸಾಫ್ಟ್‌ವೇರ್. ಫ್ಲ್ಯಾಟ್ ಸರ್ಜಾಪುರ ರಸ್ತೆಯಲ್ಲಿ. ಅದರ ಬಾಡಿಗೆದಾರನೂ ಸಾಫ್ಟ್‌ವೇರ್, ನಾಳೆ ಅದನ್ನು ಕೊಳ್ಳಬೇಕಾದವನೂ ಸಾಫ್ಟ್‌ವೇರ್. ಜೊತೆಗೆ ಉಳಿತಾಯದ ಅರ್ಧ ನಿಮ್ಮ ಕಂಪನಿಯದೇ ಷೇರಿನಲ್ಲಿದೆ. ಇದೆಲ್ಲ ನಾಲ್ಕು ಆಸ್ತಿ ಅಂತ ಕಾಣುತ್ತದೆ. ಐಟಿ ಮಂಕಾದ ದಿನ ಒಂದೇ ಆಸ್ತಿ ಅಂತ ಗೊತ್ತಾಗುತ್ತದೆ.

ನಾಲ್ಕನೆಯದು ಕಾಗದ ಪತ್ರ. ಒಳ್ಳೆಯ ಕಾಲದಲ್ಲಿ ಅರೆಬರೆ ಕಾಗದದ ಆಸ್ತಿಯೂ ಕೈ ಬದಲಾಗುತ್ತದೆ. ಕೆಟ್ಟ ಕಾಲದಲ್ಲಿ ಬ್ಯಾಂಕುಗಳು ಬಿಗಿಯಾಗುತ್ತವೆ. ಸಾಲ ಸಿಗದ ಆಸ್ತಿಗೆ ಗಿರಾಕಿಯೂ ಸಿಗುವುದಿಲ್ಲ.

ರೆಡಿ ಫ್ಲ್ಯಾಟ್

ಇಲ್ಲಿ ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕೋಣ, ಏಕೆಂದರೆ ಹೆಚ್ಚಿನವರ ಆಸೆ ಇದರ ಮೇಲೇ ಇರುವುದು.

80 ಲಕ್ಷದ ಎರಡು ಬೆಡ್‌ರೂಮಿನ ಫ್ಲ್ಯಾಟ್ ಅಂತ ಇಟ್ಟುಕೊಳ್ಳಿ. ಅದೇ ಮನೆ ಬಾಡಿಗೆಗೆ 25,000. ಬ್ಯಾಂಕು 60 ಲಕ್ಷ ಕೊಡುತ್ತದೆ, 20 ಲಕ್ಷ ನಿಮ್ಮದು. ಕರ್ನಾಟಕದಲ್ಲಿ 45 ಲಕ್ಷ ದಾಟಿದ ಆಸ್ತಿಗೆ ಸ್ಟ್ಯಾಂಪ್ ಡ್ಯೂಟಿ ಶೇ 5. ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ ಶೇ 1ರಿಂದ 2ಕ್ಕೆ ಏರಿತು. ಎಲ್ಲ ಸೇರಿ ಶೇ 7.6, ಅಂದರೆ 6 ಲಕ್ಷ ಚಿಲ್ಲರೆ. ಇದಕ್ಕೆ ಬ್ಯಾಂಕಿನ ಸಾಲ ಬರುವುದಿಲ್ಲ. ವಾರ್ಡ್‌ರೋಬ್, ಅಡುಗೆಮನೆ ಕೆಲಸ ಅಂತ 4 ಲಕ್ಷ ಹಿಡಿಯಿರಿ. ಬೀಗದ ಕೈ ಕೈಗೆ ಬರುವಷ್ಟರಲ್ಲಿ ನಿಮ್ಮ ಜೇಬಿನಿಂದ 30 ಲಕ್ಷ ಹೋಗಿದೆ.

60 ಲಕ್ಷಕ್ಕೆ 20 ವರ್ಷ, ಶೇ 8.5 ಬಡ್ಡಿ ಅಂದರೆ ಇಎಂಐ 52,069 ರೂಪಾಯಿ. ಮೊದಲ ತಿಂಗಳ ಲೋನ್ ಸ್ಟೇಟ್‌ಮೆಂಟ್ ತೆಗೆದು ನೋಡಿ. ಬಡ್ಡಿ 42,500. ಅಸಲಿಗೆ ಹೋಗಿದ್ದು 9,569. ಐದು ವರ್ಷ ತಪ್ಪದೆ ಕಟ್ಟಿ 31 ಲಕ್ಷ ಕೊಟ್ಟ ಮೇಲೂ ಬಾಕಿ ಸುಮಾರು 53 ಲಕ್ಷ ಇರುತ್ತದೆ. ಇದರಲ್ಲಿ ಮೋಸ ಏನೂ ಇಲ್ಲ, ಸಾಲದ ಲೆಕ್ಕವೇ ಹಾಗೆ. ಆದರೆ ಮೊದಲ ಕೆಲವು ವರ್ಷ ಮನೆಯಲ್ಲಿ ನಿಮ್ಮ ಪಾಲು ಎಷ್ಟು ತೆಳು ಅನ್ನುವುದು ಗೊತ್ತಿರಬೇಕು.

ಈಗ ಕೆಟ್ಟದ್ದನ್ನು ಊಹಿಸಿ. ಎರಡು ವರ್ಷಕ್ಕೆ ಕೆಲಸ ಹೋಯಿತು, ಆರು ತಿಂಗಳಾದರೂ ಇನ್ನೊಂದು ಸಿಗಲಿಲ್ಲ ಅನ್ನೋಣ. ಆ ಆರು ತಿಂಗಳ ಲೆಕ್ಕವನ್ನು ಬಿಟ್ಟೇ ಬಿಡೋಣ. ಮಾರಲೇಬೇಕು, ಮಾರುಕಟ್ಟೆ ಮಂಕು, ಶೇ 10 ಕಡಿಮೆಗೆ 72 ಲಕ್ಷಕ್ಕೆ ಹೋಯಿತು. ಬ್ಯಾಂಕಿಗೆ 57.5 ಲಕ್ಷ, ಬ್ರೋಕರ್‌ಗೆ ಒಂದು ಲಕ್ಷ. ಕೈಗೆ ಬಂದದ್ದು 13.5 ಲಕ್ಷ. ಹಾಕಿದ್ದು 30. ಕಟ್ಟಿದ ಇಎಂಐ 12.5 ಲಕ್ಷ. ಬಾಡಿಗೆಯಲ್ಲೇ ಇದ್ದಿದ್ದರೆ 6 ಲಕ್ಷ ಹೋಗುತ್ತಿತ್ತು, ಅಲ್ಲಿ ಇನ್ನೊಂದು ಆರೂವರೆ. ಮನೆಯ ಬೆಲೆ ಬಿದ್ದದ್ದು 8 ಲಕ್ಷ. ನಿಮಗೆ ಬಿದ್ದ ಪೆಟ್ಟು 23 ಲಕ್ಷ.

ಇದೇ ಮನುಷ್ಯನ ಹತ್ತಿರ ಒಂದು ವರ್ಷದ ಖರ್ಚು ಬೇರೆ ಇದ್ದಿದ್ದರೆ? ಮಾರುತ್ತಿರಲಿಲ್ಲ. ಬೆಲೆ ಬಿದ್ದದ್ದು ಬರೀ ಮಾತಿನಲ್ಲಿ ಉಳಿಯುತ್ತಿತ್ತು. ಅವನು ಆ ಮನೆಯಲ್ಲೇ ಕೂತು ಕೆಲಸ ಹುಡುಕುತ್ತಿದ್ದ. 35 ಲಕ್ಷದಲ್ಲಿ 30 ಹಾಕಿ 5 ಉಳಿಸಿಕೊಂಡವನಿಗೂ, 50ರಲ್ಲಿ 30 ಹಾಕಿ 20 ಉಳಿಸಿಕೊಂಡವನಿಗೂ ಫ್ಲ್ಯಾಟ್ ಒಂದೇ, ರಿಸ್ಕ್ ಬೇರೆ.

ಬಡ್ಡಿ ವಿಚಾರಕ್ಕೆ ಬಂದರೆ, ಹಿಂಜರಿತ ಬಂದಾಗ ರಿಸರ್ವ್ ಬ್ಯಾಂಕ್ ಸಾಮಾನ್ಯವಾಗಿ ದರ ಇಳಿಸುತ್ತದೆ. 2008ರಲ್ಲಿ ಶೇ 9 ಇದ್ದ ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) 2009ರ ಏಪ್ರಿಲ್ ಹೊತ್ತಿಗೆ 4.75ಕ್ಕೆ ಬಂತು. 2020ರ ಮೇ ತಿಂಗಳಲ್ಲಿ ಶೇ 4. 2019ರ ಅಕ್ಟೋಬರ್ ನಂತರ ಬ್ಯಾಂಕುಗಳ ಹೊಸ ಫ್ಲೋಟಿಂಗ್ (ಬಡ್ಡಿ ಬದಲಾಗುತ್ತಿರುವ) ಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಕಟ್ಟಿಕೊಂಡಿರುವುದರಿಂದ ಇಳಿಕೆ ಬೇಗ ತಲುಪುತ್ತದೆ. ಏರಿಕೆಯೂ ಅಷ್ಟೇ ಬೇಗ. 2022ರ ಮೇಯಿಂದ 2023ರ ಫೆಬ್ರವರಿ ಒಳಗೆ ರೆಪೊ 4ರಿಂದ 6.5 ಆಯಿತು. ಶೇ 6.7ಕ್ಕೆ 50 ಲಕ್ಷ ತೆಗೆದವರ ಇಎಂಐ 37,870 ಇತ್ತು. ದರ 9.2 ಆದಾಗ 50 ಲಕ್ಷದ ಮೇಲಿನ ಬಡ್ಡಿಯೇ ತಿಂಗಳಿಗೆ 38,333. ಕಟ್ಟುವ ಕಂತು ಬಡ್ಡಿಗೇ ಸಾಲದು! 20 ವರ್ಷದ ಸಾಲ ಸದ್ದಿಲ್ಲದೆ 30 ದಾಟಿದ ಕಥೆಗಳೆಲ್ಲ ಆಗ ಹುಟ್ಟಿದ್ದು. ಆದ್ದರಿಂದ ಲೆಕ್ಕ ಹಾಕುವಾಗ ಈಗಿನ ದರಕ್ಕೆ ಒಂದೂವರೆ, ಎರಡು ಪರ್ಸೆಂಟ್ ಸೇರಿಸಿ ಹಾಕಿ.

"ಟ್ಯಾಕ್ಸ್ ಉಳಿಯುತ್ತೆ" ಅನ್ನುವ ಹಳೆಯ ಮಾತನ್ನು ಈಗ ಬಿಡಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ. ಎರಡು ಲಕ್ಷದ ವಿನಾಯಿತಿ ಹಳೆಯ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ.

ಹಿಂಜರಿತದಲ್ಲಿ ರೆಡಿ ಫ್ಲ್ಯಾಟಿಗಿರುವ ದೊಡ್ಡ ಅನುಕೂಲ ಚೌಕಾಸಿ. ಅದೂ ಬಿಲ್ಡರ್ ಹತ್ತಿರ ಅಲ್ಲ, ರೀಸೇಲ್‌ನಲ್ಲಿ. ಬಿಲ್ಡರ್ ಚದರಡಿ ರೇಟು ಇಳಿಸಲು ಒಪ್ಪುವುದು ಕಷ್ಟ, ಹಳೆಯ ಗಿರಾಕಿಗಳು ಜಗಳಕ್ಕೆ ಬರುತ್ತಾರೆ. ಕಾರ್ ಪಾರ್ಕಿಂಗ್ ಫ್ರೀ, ನೋಂದಣಿ ಖರ್ಚು ನಮ್ಮದು ಅಂತ ಸುತ್ತಿ ಕೊಡುತ್ತಾನೆ. ಹತ್ತು ವರ್ಷ ಹಳೆಯ ಅಪಾರ್ಟ್‌ಮೆಂಟಿನ ಮಾಲೀಕನಿಗೆ ಮಗಳ ಮದುವೆಯೋ, ಊರು ಬದಲಾವಣೆಯೋ ಇದ್ದರೆ ಅಲ್ಲಿ ನಿಜವಾದ ಇಳಿಕೆ ಸಿಗುತ್ತದೆ. ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಅಂತ ಕೊಡುವ ಪತ್ರ), ಎ ಖಾತಾ (ಕ್ರಮಬದ್ಧ ಆಸ್ತಿಯ ಪಾಲಿಕೆ ದಾಖಲೆ), ಇ-ಖಾತಾ (ಖಾತಾದ ಆನ್‌ಲೈನ್ ರೂಪ), ಸಂಘದ ಬಾಕಿ ಇಲ್ಲವೆಂಬ ಪತ್ರ, ಇಷ್ಟನ್ನು ಕಣ್ಣಾರೆ ನೋಡಿ. ಬ್ಯಾಂಕ್ ಹರಾಜಿನ ಮನೆ ಇನ್ನೂ ಅಗ್ಗ. ಆದರೆ ಅದು "ಇದ್ದ ಹಾಗೆ, ಇದ್ದಲ್ಲಿ" ಅನ್ನುವ ಷರತ್ತಿನ ಮಾರಾಟ. ಒಳಗೆ ಯಾರು ಕೂತಿದ್ದಾರೆ, ಏನೇನು ಬಾಕಿ ಇದೆ, ಎಲ್ಲ ನಿಮ್ಮ ತಲೆಗೆ. ವಕೀಲರ ಬಲ ಇಲ್ಲದವರು ಅತ್ತ ಹೋಗಬೇಡಿ.

ಕಟ್ಟುತ್ತಿರುವ ಫ್ಲ್ಯಾಟ್

ಇದು ಹಿಂಜರಿತದಲ್ಲಿ ನನಗೆ ಅತಿ ಕಡಿಮೆ ಇಷ್ಟವಾಗುವ ಆಯ್ಕೆ. ಶೇ 5 ಜಿಎಸ್‌ಟಿ ಇದೆ, 80 ಲಕ್ಷಕ್ಕೆ 4 ಲಕ್ಷ. ಓಸಿ ಬಂದ ಮನೆಗೆ ಅದು ಇಲ್ಲ. ಮನೆ ಕೈಗೆ ಬರುವವರೆಗೆ ಬಾಡಿಗೆಯೂ ನಿಮ್ಮದೇ, ಬಿಡುಗಡೆಯಾದ ಸಾಲದ ಬಡ್ಡಿಯೂ ನಿಮ್ಮದೇ. ನಿಮ್ಮ ಕೆಲಸದ ರಿಸ್ಕಿನ ಜೊತೆಗೆ ಬಿಲ್ಡರ್‌ನ ರಿಸ್ಕನ್ನೂ ಹೊತ್ತುಕೊಂಡ ಹಾಗಾಯಿತು. ಮಾರಾಟ ನಿಂತರೆ ಅವನ ಕೈಗೆ ದುಡ್ಡು ಬರುವುದು ನಿಲ್ಲುತ್ತದೆ, ಕೆಲಸ ನಿಲ್ಲುತ್ತದೆ.

ರೆರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಇದೆಯಲ್ಲ ಅನ್ನಬಹುದು. ಇದೆ, ಒಳ್ಳೆಯದೇ. ಗಿರಾಕಿಗಳಿಂದ ಬಂದ ದುಡ್ಡಿನ ಶೇ 70 ಬೇರೆ ಖಾತೆಯಲ್ಲಿ ಇರಬೇಕು, ತಡವಾದರೆ ಬಡ್ಡಿ ಸಹಿತ ವಾಪಸ್ ಕೇಳಬಹುದು. ಆದರೆ ಎರಡು ವಿಷಯ ನೆನಪಿಡಿ. ಸರಿಯಾಗಿ ಕೆಟ್ಟ ಕಾಲದಲ್ಲೇ ಗಡುವು ಸಡಿಲವಾಗುತ್ತದೆ: 2020ರಲ್ಲಿ ಕೋವಿಡ್ ಕಾರಣಕ್ಕೆ ಯೋಜನೆಗಳಿಗೆ ಆರು ತಿಂಗಳು ಹೆಚ್ಚಿಗೆ ಕೊಡಲು ಕೇಂದ್ರ ಸೂಚಿಸಿತು. ಇನ್ನೊಂದು, ರೆರಾ ಆದೇಶ ಬರುವುದು ಒಂದು ಹಂತ, ದುಡ್ಡು ವಸೂಲಾಗುವುದು ಇನ್ನೊಂದು. ವಸೂಲಿ ಕಂದಾಯ ಇಲಾಖೆಯ ಮೂಲಕ ಆಗಬೇಕು, ಅಲ್ಲಿ ಫೈಲು ಮಲಗುತ್ತದೆ.

"ಕೀ ಸಿಗೋವರೆಗೂ ಇಎಂಐ ಇಲ್ಲ" ಅನ್ನುವ ಜಾಹೀರಾತು ಕಂಡರೆ ಪುಟ ತಿರುಗಿಸಿ. ಸಾಲ ನಿಮ್ಮ ಹೆಸರಲ್ಲೇ ಇರುತ್ತದೆ, ಬಡ್ಡಿಯನ್ನು ಬಿಲ್ಡರ್ ಕಟ್ಟುತ್ತೇನೆ ಅನ್ನುತ್ತಾನೆ. ಅವನು ನಿಲ್ಲಿಸಿದ ದಿನ ಬ್ಯಾಂಕು ನಿಮ್ಮ ಬಾಗಿಲಿಗೆ ಬರುತ್ತದೆ. ದೆಹಲಿ ಸುತ್ತಮುತ್ತ ಸಾವಿರಾರು ಜನ ಇದರಲ್ಲಿ ಸಿಕ್ಕಿಕೊಂಡು ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದಾರೆ.

ಆದರೂ ಬೇಕು ಅಂದರೆ, ಕಾಂಕ್ರೀಟ್ ಕೆಲಸ ಪೂರ್ತಿ ಮುಗಿದು ಒಳಗಿನ ಕೆಲಸ ನಡೆಯುತ್ತಿರುವ ಕಟ್ಟಡ ನೋಡಿ. ಕರ್ನಾಟಕ ರೆರಾ ಜಾಲತಾಣದಲ್ಲಿ ಆ ಯೋಜನೆಯ ಮೂರು ತಿಂಗಳಿಗೊಮ್ಮೆಯ ವರದಿ, ದೂರುಗಳು, ಎಷ್ಟು ಸಲ ಗಡುವು ಮುಂದೆ ಹೋಗಿದೆ, ಎಲ್ಲ ಸಿಗುತ್ತದೆ. ಒಂದು ಭಾನುವಾರ ಸಾಕು.

ಸೈಟ್

ನಮ್ಮವರಿಗೆ ಸೈಟ್ ಮೇಲೆ ಇರುವ ಪ್ರೀತಿ ಸುಮ್ನೆ ಬಂದಿದ್ದಲ್ಲ. ಕಟ್ಟಡ ಹಳೆಯದಾಗುತ್ತದೆ, ಭೂಮಿ ಆಗುವುದಿಲ್ಲ. ಮೇಂಟೆನೆನ್ಸ್ ಇಲ್ಲ. ಸಾಲ ಇಲ್ಲದೆ ಪೂರ್ತಿ ದುಡ್ಡು ಕೊಟ್ಟು ತೆಗೆದುಕೊಂಡ ಸೈಟನ್ನು ಹತ್ತು ವರ್ಷ ಹಾಗೇ ಇಡಬಹುದು, ನನ್ನ ಮೊದಲ ಅಳತೆಯಲ್ಲಿ ಇದು ಚೆನ್ನಾಗಿಯೇ ಪಾಸಾಗುತ್ತದೆ. ಎರಡನೆಯದರಲ್ಲಿ ಫೇಲು. ಕೆಟ್ಟ ಕಾಲದಲ್ಲಿ ಅತಿ ಮೊದಲು ಗಿರಾಕಿ ಮಾಯವಾಗುವುದು ಖಾಲಿ ಸೈಟಿಗೆ. ಬಾಡಿಗೆಯೂ ಹುಟ್ಟುವುದಿಲ್ಲ.

ಅಪಾಯ ಇರುವುದು 15–20 ಲಕ್ಷದ ಬಜೆಟ್‌ನವರಿಗೆ. ಬಿಡಿಎ ಸೈಟು, ಅನುಮೋದಿತ ಲೇಔಟು ಅಷ್ಟಕ್ಕೆ ಎಟುಕುವುದಿಲ್ಲ. ಆಗ ರೆವಿನ್ಯೂ ಸೈಟಿನ, ಅಂದರೆ ಲೇಔಟ್ ಅನುಮೋದನೆ ಇಲ್ಲದೆ ತುಂಡು ಮಾಡಿದ ಜಮೀನಿನ, ಏಜೆಂಟ್ ಬರುತ್ತಾನೆ. "ಡಿಸಿ ಕನ್ವರ್ಷನ್ ಆಗ್ತಿದೆ ಸಾರ್, ಬಿ ಖಾತಾ ಇದೆ, ಮುಂದೆ ಎ ಆಗುತ್ತೆ." ಡಿಸಿ ಕನ್ವರ್ಷನ್ ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಜಿಲ್ಲಾಧಿಕಾರಿಯ ಅನುಮತಿ, ಬಿ ಖಾತಾ ಅಂದರೆ ಪೂರ್ತಿ ಕ್ರಮಬದ್ಧವಲ್ಲದ ಆಸ್ತಿಯ ದಾಖಲೆ. ಬಹುತೇಕ ದೊಡ್ಡ ಬ್ಯಾಂಕುಗಳು ಇಂಥ ಸೈಟಿಗೆ ಸಾಲ ಕೊಡುವುದಿಲ್ಲ. ಅಂದರೆ ನಾಳೆ ನಿಮ್ಮಿಂದ ಕೊಳ್ಳುವವನೂ ಪೂರ್ತಿ ನಗದು ಇಟ್ಟುಕೊಂಡಿರಬೇಕು. ಹಿಂಜರಿತದಲ್ಲಿ ಅಂಥವನನ್ನು ಎಲ್ಲಿ ಹುಡುಕುತ್ತೀರಿ? ಬೆಂಗಳೂರಿನಲ್ಲಿ 2024ರ ಕೊನೆಯಿಂದ ಇ-ಖಾತಾ ಇಲ್ಲದೆ ನೋಂದಣಿಯೇ ಆಗುತ್ತಿಲ್ಲ, ಹಳೆಯ ಕಾಲದ ಹಾಗೆ ಕೈ ದಾಟಿಸುವುದೂ ಸುಲಭವಲ್ಲ.

ಬೇಕಿದ್ದರೆ ಮೈಸೂರು, ಹುಬ್ಬಳ್ಳಿ, ದಾವಣಗೆರೆಯಂಥ ಊರಿನಲ್ಲಿ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇರುವ ಚಿಕ್ಕ ಸೈಟು ನೋಡಿ. ಅದೂ ನೀವು ಮುಂದೆ ಅಲ್ಲಿ ಹೋಗಿ ಇರುವ ಯೋಚನೆ ಇದ್ದರೆ. ನೋಡಿಕೊಳ್ಳಲು ಜನ ಇಲ್ಲದ ಊರಿನ ಸೈಟಿನ ಮೇಲೆ ಪಕ್ಕದವರ ಮರಳು, ಆಮೇಲೆ ಶೆಡ್ಡು ಬರುತ್ತದೆ.

ಭೋಗ್ಯ, ಅಂದರೆ ಲೀಸ್

10 ಲಕ್ಷವೋ 20 ಲಕ್ಷವೋ ಒಟ್ಟಿಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇದ್ದು, ಹೋಗುವಾಗ ದುಡ್ಡು ವಾಪಸ್ ತೆಗೆದುಕೊಳ್ಳುವುದು. ಬೆಂಗಳೂರಿನ ಮಧ್ಯಮ ವರ್ಗಕ್ಕೆ ಇದು ಬಹಳ ಇಷ್ಟ. ಕೆಲಸ ಹೋದರೂ ಬಾಡಿಗೆ ಚಿಂತೆ ಇಲ್ಲ ಅನ್ನುವುದು ನಿಜ.

ಆದರೆ ಯೋಚಿಸಿ: ಮಾಲೀಕ ಯಾಕೆ ಲೀಸಿಗೆ ಕೊಡುತ್ತಿದ್ದಾನೆ? ಹೆಚ್ಚಿನ ಸಲ ಅವನಿಗೆ ಒಟ್ಟಿಗೆ ದುಡ್ಡು ಬೇಕಾಗಿದೆ. ಹಿಂಜರಿತದಲ್ಲಂತೂ ಸಾಲ ತೀರಿಸಲು ಬೇಕಾಗಿದೆ. ನೀವು ಬಾಡಿಗೆದಾರ ಅಂದುಕೊಂಡಿದ್ದೀರಿ. ವಾಸ್ತವದಲ್ಲಿ ನೀವು ಅವನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟವರು. ಆ ಮನೆ ಮೊದಲೇ ಬ್ಯಾಂಕಿನಲ್ಲಿ ಅಡ ಇದ್ದರೆ ಬ್ಯಾಂಕಿನ ಹಕ್ಕು ಮೊದಲು, ನಿಮ್ಮದು ಆಮೇಲೆ. ನನ್ನ ಪರಿಚಯದ ಒಂದು ಕುಟುಂಬಕ್ಕೆ ವಿಷಯ ಗೊತ್ತಾದದ್ದು ಗೇಟಿಗೆ ಬ್ಯಾಂಕಿನವರು ನೋಟಿಸ್ ಅಂಟಿಸಿದಾಗ. ಇನ್ನೊಂದು ಬಗೆಯೂ ಇದೆ. ಮಧ್ಯವರ್ತಿಯೊಬ್ಬ ಮಾಲೀಕನಿಂದ ಬಾಡಿಗೆಗೆ ಪಡೆದು, ನಿಮಗೆ ಲೀಸಿಗೆ ಕೊಟ್ಟು, ಒಂದು ದಿನ ಬಾಡಿಗೆ ಕಟ್ಟುವುದನ್ನು ನಿಲ್ಲಿಸಿ ಕಾಣೆಯಾಗುತ್ತಾನೆ.

ಇಸಿ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ತೆಗೆಸಿ ನೋಡಿದರೆ ಸಾಕಾ? ಸಾಲದು. ಮೂಲ ಪತ್ರ ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ನೋಂದಣಿ ಆಗಿಲ್ಲದಿದ್ದರೆ ಇಸಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಮೂಲ ಕ್ರಯಪತ್ರ ತೋರಿಸಿ ಅನ್ನಿ, ಜೆರಾಕ್ಸ್ ಬೇಡ. ಅಡ ಇಟ್ಟ ಆಸ್ತಿಗಳ ಕೇಂದ್ರ ದಾಖಲೆ ಸೆರ್ಸಾಯ್‌ನಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ದುಡ್ಡನ್ನು ಮಾಲೀಕನ ಬ್ಯಾಂಕ್ ಖಾತೆಗೇ ಹಾಕಿ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಖರ್ಚು ಜಾಸ್ತಿ ಅಂತ ಬಾಂಡ್ ಪೇಪರ್ ಮೇಲೆ ಬರೆದು ಮುಗಿಸುವವರೇ ಹೆಚ್ಚು. ನಿಮ್ಮ ಇಡೀ ಉಳಿತಾಯ ಲೀಸಿಗೆ ಹೋಗುವುದಾದರೆ, ಈ ಕಾಲದಲ್ಲಿ ಬೇಡ ಅಂತಲೇ ಹೇಳುತ್ತೇನೆ.

ಬಾಡಿಗೆ ಮನೆ, ದುಡ್ಡು ಬೇರೆ ಕಡೆ

ಮೇಲಿನ 30 ಲಕ್ಷವನ್ನು ಶೇ 6.5ರ ಎಫ್‌ಡಿಯಲ್ಲಿ ಇಟ್ಟರೆ ತೆರಿಗೆಗೆ ಮುಂಚೆ ತಿಂಗಳಿಗೆ 16,250. 25,000 ಬಾಡಿಗೆಯಲ್ಲಿ ಮೂರನೇ ಎರಡು ಭಾಗಕ್ಕೆ ಸಮೀಪ. ಇಎಂಐ, ಮೇಂಟೆನೆನ್ಸ್ ಸೇರಿ 56,000 ಹೋಗುವ ಕಡೆ 25,000 ಹೋದರೆ ತಿಂಗಳಿಗೆ 31,000 ಉಳಿಯಬೇಕು. "ಉಳಿಯಬೇಕು" ಅಂದೆ. ಅದನ್ನು ನಿಜವಾಗಿ ಎತ್ತಿಡುವವರು ಎಷ್ಟು ಜನ? ಇಎಂಐ ನಮ್ಮನ್ನು ಹೆದರಿಸಿ ಉಳಿಸುತ್ತದೆ, ಬಾಡಿಗೆದಾರನನ್ನು ಹೆದರಿಸುವವರು ಇಲ್ಲ. ಸಂಬಳ ಬಂದ ಮರುದಿನವೇ ಆರ್‌ಡಿಗೋ ಎಸ್‌ಐಪಿಗೋ ತಾನಾಗಿ ಕಟ್ ಆಗುವ ಹಾಗೆ ಮಾಡದಿದ್ದರೆ ಈ ಆಯ್ಕೆ ಬರೀ ಕಾಗದದ ಮೇಲೆ ಚಂದ.

ಇದರ ದೊಡ್ಡ ಬಲ, ಖರ್ಚು ಇಳಿಸಬಹುದು. 2020ರಲ್ಲಿ ಎಷ್ಟೋ ಜನ ಮನೆ ಖಾಲಿ ಮಾಡಿ, ಅಡ್ವಾನ್ಸ್ ತೆಗೆದುಕೊಂಡು ಹಾಸನಕ್ಕೋ ಶಿರಸಿಗೋ ಹೊರಟರು. ಬೆಂಗಳೂರಿನ ಬೀದಿ ಬೀದಿಯಲ್ಲಿ ಟು-ಲೆಟ್ ಬೋರ್ಡು ನೇತಾಡುತ್ತಿದ್ದವು. ಇಎಂಐ ಇದ್ದವರಿಗೆ ಆ ದಾರಿ ಇರಲಿಲ್ಲ. ಕೊರತೆಯೂ ಇದೆ: ಆಫೀಸು ತೆರೆದ ಮೇಲೆ 2022–23ರಲ್ಲಿ ಬಾಡಿಗೆ ಹಾರಿದ ಪರಿ ನೆನಪಿದೆ ಅಲ್ವಾ? ಮಕ್ಕಳ ಸ್ಕೂಲಿನ ಹತ್ತಿರವೇ ಇರಬೇಕಾದವರಿಗೆ ಮಾಲೀಕನ ಒಂದು ಫೋನ್ ಸಾಕು ತಲೆ ಕೆಡಲು.

ದುಡ್ಡು ಎಲ್ಲಿಡುವುದು? ಎಫ್‌ಡಿಗೆ ಠೇವಣಿ ವಿಮೆ ಒಂದು ಬ್ಯಾಂಕಿಗೆ ಒಬ್ಬರಿಗೆ 5 ಲಕ್ಷ, 2020ರ ಫೆಬ್ರವರಿಯಿಂದ. ಅದಕ್ಕೆ ಮುಂಚೆ ಬರೀ 1 ಲಕ್ಷ. ಅದೇ ವರ್ಷದ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, ಠೇವಣಿದಾರರಿಗೆ 35,000 ಮಾತ್ರ ತೆಗೆಯಲು ಬಿಟ್ಟಿತ್ತು. ಪಿಂಚಣಿ ದುಡ್ಡು ಇಟ್ಟ ಹಿರಿಯರು ಎಷ್ಟೋ ಜನ ಇದ್ದರು. ಒಂದು ಪರ್ಸೆಂಟ್ ಜಾಸ್ತಿ ಬಡ್ಡಿಗೆ ಎಲ್ಲವನ್ನೂ ಒಂದೇ ಕಡೆ ಇಡಬೇಡಿ. ಇನ್ನೊಂದು, ಹಿಂಜರಿತದಲ್ಲಿ ಎಫ್‌ಡಿ ದರವೂ ಇಳಿಯುತ್ತದೆ. ಒಂದಷ್ಟನ್ನು ದೀರ್ಘ ಅವಧಿಗೆ ಕಟ್ಟಿಡುವುದು ಜಾಣತನ.

ಷೇರು, ಮ್ಯೂಚುವಲ್ ಫಂಡ್ ಬಗ್ಗೆ ಎರಡು ಉದಾಹರಣೆ ಸಾಕು. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ 2009ರ ಮಾರ್ಚ್‌ನಲ್ಲಿ 8,000ದ ಆಸುಪಾಸಿಗೆ ಬಂತು. ಮತ್ತೆ 21,000 ನೋಡಲು 2010ರ ನವೆಂಬರ್ ಆಗಬೇಕಾಯಿತು. 2020ರಲ್ಲಿ 42,000ದಿಂದ 26,000ಕ್ಕೆ ಎರಡು ತಿಂಗಳಲ್ಲಿ ಕುಸಿದು, ನವೆಂಬರ್‌ಗೆ ವಾಪಸ್ ಬಂತು. ಕಾದವರು ಉಳಿದರು. ಮಧ್ಯದಲ್ಲಿ ಫೀಸಿಗೋ ಆಸ್ಪತ್ರೆಗೋ ದುಡ್ಡು ಬೇಕಾದವರು ಅರ್ಧ ಬೆಲೆಗೆ ಕೊಟ್ಟು ಹೋದರು. ಮೂರು ನಾಲ್ಕು ವರ್ಷದಲ್ಲಿ ಡೌನ್ ಪೇಮೆಂಟಿಗೆ ಬೇಕಾದ ದುಡ್ಡು ಷೇರಿನಲ್ಲಿ ಇರಬಾರದು. ಡೆಟ್ ಫಂಡ್ (ಸಾಲಪತ್ರಗಳಲ್ಲಿ ದುಡ್ಡು ಹಾಕುವ ಮ್ಯೂಚುವಲ್ ಫಂಡ್) ಅಂದರೆ ಎಫ್‌ಡಿ ಅಂತಲೂ ತಿಳಿಯಬೇಡಿ. 2020ರ ಏಪ್ರಿಲ್‌ನಲ್ಲಿ ಫ್ರಾಂಕ್ಲಿನ್ ಟೆಂಪಲ್ಟನ್ ಆರು ಯೋಜನೆಗಳನ್ನು ಮುಚ್ಚಿದಾಗ, ದುಡ್ಡು ಕಂತಿನಲ್ಲಿ ವಾಪಸ್ ಬಂತು ನಿಜ, ಬೇಕಾದ ಹೊತ್ತಿಗೆ ಬರಲಿಲ್ಲ.

ಚಿನ್ನ ಕೆಟ್ಟ ಕಾಲದ ಗೆಳೆಯ. ಅರ್ಧ ಗಂಟೆಯಲ್ಲಿ ಅಡ ಇಟ್ಟು ದುಡ್ಡು ತರಬಹುದು. ಆದರೆ 30,000 ದಾಟಿದ್ದ ಹತ್ತು ಗ್ರಾಂ ಚಿನ್ನ 2015ರಲ್ಲಿ 26,000ದ ಸುತ್ತ ಬಂದಿದ್ದೂ ಉಂಟು. ಒಡವೆಯಾದರೆ ಮೇಕಿಂಗ್, ವೇಸ್ಟೇಜ್ ಅಂತ ಮೊದಲ ದಿನವೇ ಕಳೆಯಿತು. ಇನ್ನು ಪಕ್ಕದ ಮನೆಯವರು ನಡೆಸುವ ಚೀಟಿ: ನೋಂದಣಿ ಇಲ್ಲದ್ದಾದರೆ ಬೇಡ, ಮುಂದೆ ಮಾತಿಲ್ಲ.

ಯಾರಿಗೆ ಯಾವುದು

ಇಬ್ಬರ ಸಂಬಳ, ಬೇರೆ ಬೇರೆ ಉದ್ಯಮ, ಹತ್ತು ವರ್ಷ ಅದೇ ಕಡೆ ಇರುವುದು ಖಚಿತ, ಎಲ್ಲ ಖರ್ಚು ಕಳೆದೂ ಆರು ತಿಂಗಳ ದುಡ್ಡು ಕೈಯಲ್ಲಿ ಉಳಿಯುತ್ತದೆ: ಓಸಿ ಇರುವ ರೆಡಿ ಅಥವಾ ರೀಸೇಲ್ ಫ್ಲ್ಯಾಟ್ ತೆಗೆದುಕೊಳ್ಳಿ. ನನ್ನ ಒಂದು ಕಟ್ಟುನಿಟ್ಟು ಏನೆಂದರೆ, ಇಬ್ಬರಲ್ಲಿ ಕಡಿಮೆ ಸಂಬಳ ಯಾರದೋ ಅದೊಂದರಿಂದಲೇ ಇಎಂಐ ಕಟ್ಟಲು ಬರಬೇಕು. ಬರದಿದ್ದರೆ 80 ಲಕ್ಷದ ಮನೆ ಬಿಟ್ಟು 55 ಲಕ್ಷದ ಹಳೆಯ ಮನೆ ನೋಡಿ.

ಸರ್ಕಾರಿ ನೌಕರರು, ಅನುದಾನಿತ ಶಾಲೆಯ ಮೇಷ್ಟ್ರು, ಇಂಥವರಿಗೆ ಹಿಂಜರಿತ ಅಂದರೆ ಚೌಕಾಸಿಯ ಕಾಲ. ಸಂಬಳ ನಿಲ್ಲುವುದಿಲ್ಲ, ಬಡ್ಡಿ ಇಳಿಯುತ್ತದೆ, ಮಾರುವವರು ಬಗ್ಗುತ್ತಾರೆ. ಇವರೇ ಹೆಚ್ಚು ಹೆದರಿ ಕೂರುತ್ತಾರೆ ಅನ್ನುವುದು ತಮಾಷೆ.

ಒಬ್ಬರದ್ದೇ ಐಟಿ ಸಂಬಳ, ಇನ್ನೂ ಮದುವೆ ಆಗಿಲ್ಲ, ಊರೂರು ಬದಲಾಯಿಸುವ ಸಾಧ್ಯತೆ ಇದೆ: ಬಾಡಿಗೆ. ಒಂದು ವರ್ಷದ ಖರ್ಚು ಎಫ್‌ಡಿಯಲ್ಲಿ, ಮಿಕ್ಕಿದ್ದು ಇಂಡೆಕ್ಸ್ ಫಂಡ್ (ಸೆನ್ಸೆಕ್ಸ್‌ನಂಥ ಸೂಚ್ಯಂಕವನ್ನು ಹಿಂಬಾಲಿಸುವ ಫಂಡ್), ಕಂಪನಿ ಕೊಟ್ಟ ಷೇರನ್ನು ಆಗಾಗ ಮಾರಿ ಬೇರೆ ಕಡೆ ಹಾಕಿ.

ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಇದ್ದು ಬೆಂಗಳೂರಿನಲ್ಲಿ ಫ್ಲ್ಯಾಟ್ ಬುಕ್ ಮಾಡುವವರು ಒಂದು ನೆನಪಿಡಿ. ಅಲ್ಲಿ ಕೆಲಸ ಹೋದರೆ ಇನ್ನೊಂದು ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಡಾಲರ್ ಸಂಬಳಕ್ಕೆ ಹಾಕಿದ ಇಎಂಐಯನ್ನು ರೂಪಾಯಿ ಸಂಬಳದಲ್ಲಿ ಕಟ್ಟಲು ಆಗುತ್ತದಾ ಅಂತ ಒಮ್ಮೆ ಕೂತು ಲೆಕ್ಕ ಹಾಕಿ. ಆಗುವುದಾದರೆ ಹೆದರಬೇಡಿ, ವಾಪಸ್ ಬಂದರೆ ತಲೆ ಮೇಲೆ ಸೂರಿರುತ್ತದೆ.

ನಿವೃತ್ತರು ಪಿಎಫ್ ದುಡ್ಡಲ್ಲಿ ಬಾಡಿಗೆಗೆ ಕೊಡಲು ಎರಡನೇ ಫ್ಲ್ಯಾಟ್ ಕೊಳ್ಳುವುದು ನನಗೆ ಹಿಡಿಸುವುದಿಲ್ಲ. ಮೇಲಿನ ಲೆಕ್ಕದಲ್ಲೇ ಬಾಡಿಗೆ ಹುಟ್ಟುವಳಿ ವರ್ಷಕ್ಕೆ ಶೇ 3.75, ಅದರಲ್ಲೂ ಖಾಲಿ ಬಿದ್ದ ತಿಂಗಳು, ರಿಪೇರಿ ಕಳೆಯಬೇಕು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು, ಸೇರಿದ ದಿನದ ದರ ಐದು ವರ್ಷ ಬದಲಾಗುವುದಿಲ್ಲ.

ಈಗಾಗಲೇ ಸಾಲ ಇದ್ದರೆ

ಬೋನಸ್ ಬಂದರೆ ಪೂರ್ತಿ ಸಾಲಕ್ಕೆ ಸುರಿಯಬೇಡಿ. ಫ್ಲೋಟಿಂಗ್ ದರದ ಗೃಹಸಾಲ ಮುಂಚೆ ತೀರಿಸಲು ದಂಡ ಇಲ್ಲ ನಿಜ, ಆದರೆ ಬ್ಯಾಂಕಿಗೆ ಹೋದ ದುಡ್ಡು ಕೆಲಸ ಹೋದಾಗ ವಾಪಸ್ ಬರುವುದಿಲ್ಲ. ಓವರ್‌ಡ್ರಾಫ್ಟ್ ಬಗೆಯ ಗೃಹಸಾಲ ಇದ್ದರೆ ಅದರಲ್ಲಿ ಹಾಕಿಡಿ, ಬಡ್ಡಿಯೂ ಇಳಿಯುತ್ತದೆ, ಬೇಕಾದಾಗ ತೆಗೆಯಲೂ ಬರುತ್ತದೆ.

ಕೆಲಸ ಹೋಯಿತು ಅಂದರೆ ಮೊದಲ ಕಂತು ತಪ್ಪುವ ಮುಂಚೆಯೇ ಶಾಖೆಗೆ ಹೋಗಿ. ಅವಧಿ ಹೆಚ್ಚಿಸಿ ಕಂತು ಇಳಿಸುವುದು, ಸಾಲ ಮರುಹೊಂದಿಸುವುದು ಆಗಿನ್ನೂ ಸಾಧ್ಯ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಅನ್ನಿಸಿಕೊಳ್ಳುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಬರುತ್ತದೆ, ಅದು ಮುಗಿದರೆ ಮನೆ ವಶಕ್ಕೆ ತೆಗೆದುಕೊಳ್ಳಬಹುದು. ಹಿಂದೆ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಬಿಟ್ಟಿದ್ದರು, ಹಾಗೆ ಮತ್ತೆ ಮಾಡುತ್ತಾರೆ ಅಂತ ಕಾಯಬೇಡಿ. ಆಗಲೂ ಆರು ತಿಂಗಳ ಬಡ್ಡಿ ಅಸಲಿಗೆ ಸೇರುತ್ತಲೇ ಇತ್ತು. ಮಾರಲೇಬೇಕು ಅನ್ನಿಸಿದರೆ ನೋಟಿಸ್ ಬರುವ ಮುಂಚೆ ನೀವೇ ಗಿರಾಕಿ ಹುಡುಕಿ. ಹರಾಜಿಗಿಂತ ಒಳ್ಳೆಯ ಬೆಲೆ ಬರುತ್ತದೆ, ಸಾಲದ ಬಾಕಿ ಪತ್ರ ತೆಗೆದುಕೊಂಡು ಕೊಳ್ಳುವವರ ಬ್ಯಾಂಕಿನಿಂದಲೇ ನೇರವಾಗಿ ತೀರಿಸಬಹುದು.